ಮಗಳಿಗೊಂದು ಪತ್ರ: ಎಣ್ಣೆ ಹಾಕುವ ಮುನ್ನ

ಪ್ರೀತಿಯ ಮಗಳೇ,

ನೀನು ತಂದಿರುವ ಹಳೆಯ ಟೈಪ್‌ರೈಟರಿನ ಅಚ್ಚಿನ ಕಡ್ಡಿಗಳು ಮೇಲೆದ್ದು ಅಲ್ಲೇ ನಿಂತುಬಿಡುತ್ತವೆ, ಎಣ್ಣೆ ಹಾಕಲೇ ಎಂದು ಕೇಳಿದ್ದೀಯೆ. ಹಾಕಬೇಡ. ಆ ಕಡ್ಡಿಗಳ ಬುಡವೆಲ್ಲ ಕೂಡುವ ಬಿಲ್ಲಿನಾಕಾರದ ಲೋಹದ ಭಾಗವನ್ನು ದೀಪ ಹಿಡಿದು ನೋಡು. ಎಂದೋ ಯಾರೋ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟ ಎಣ್ಣೆ ಧೂಳನ್ನೂ ರಬ್ಬರಿನ ಪುಡಿಯನ್ನೂ ಹಿಡಿದುಕೊಂಡು ಒಂದೊಂದು ಸೀಳಿನಲ್ಲೂ ಅಂಟಾಗಿ ಕುಳಿತಿರುತ್ತದೆ. ಕಿಟಕಿ ತೆರೆದಿಟ್ಟು, ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಬಣ್ಣ ತೆಳುಮಾಡಲು ಬಳಸುವ ಮಿನರಲ್ ಸ್ಪಿರಿಟ್‌ನಲ್ಲಿ ಅದ್ದಿ ಸೀಳುಗಳನ್ನು ಉಜ್ಜು, ಪ್ರತಿಯೊಂದು ಕೀಯನ್ನೂ ಹತ್ತಾರು ಸಲ ಒತ್ತು. ಒಣಗಿದ ಮೇಲೆ ಮತ್ತೆ ಸಿಕ್ಕಿಕೊಂಡರೆ ಮತ್ತೆ ಉಜ್ಜು.

ಹೊರಮೈಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನನ್ನ ಮೊದಲ ಯಂತ್ರ ಅಂಡರ್‌ವುಡ್ 5. ಅದಕ್ಕೂ ಮೊದಲಿನ, 1878ರ ರೆಮಿಂಗ್ಟನ್ 2ರಂಥ ಯಂತ್ರಗಳಲ್ಲಿ ಅಕ್ಷರ ರೋಲರಿನ ಅಡಿಯಿಂದ ಬಡಿಯುತ್ತಿದ್ದುದರಿಂದ, ಬರೆದದ್ದನ್ನು ಕಾಣಲು ಹಾಳೆಯನ್ನು ಹಿಡಿದು ಪಕ್ಕಕ್ಕೆ ಸರಿಯುವ ಕ್ಯಾರೇಜನ್ನೇ ಎತ್ತಬೇಕಿತ್ತು. ಅಂಡರ್‌ವುಡ್‌ನಲ್ಲಿ ಸಾಲು ಕಣ್ಣೆದುರೇ ಮೂಡುತ್ತದೆ. ಅದರ ಕಪ್ಪು ಮೆರುಗಿನ ಮೇಲಿದ್ದ ಚಿನ್ನದ ಬಣ್ಣದ ಹೆಸರನ್ನು ಹೊಳೆಯಿಸಲು ಹೋಗಿ ನಾನು ಆಲ್ಕೋಹಾಲಿನಿಂದ ಒರೆಸಿದೆ. ಒಂದೇ ಉಜ್ಜಿಗೆ ಹೆಸರು ಬಟ್ಟೆಗೆ ಬಂದಿತ್ತು. ಇಂದಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ. ನೀನು ಮೊದಲು ಕಾಣದ ಮೂಲೆಯಲ್ಲಿ ಒದ್ದೆ ಬಟ್ಟೆಯನ್ನಷ್ಟೇ ಆಡಿಸಿ ನೋಡು.

ಸ್ಪೇಸ್ ಬಾರಿನ ಬಲಭಾಗದಲ್ಲಿ ಹೆಬ್ಬೆರಳಗಲದ ಒಂದು ಸವೆತವಿದೆ ಎಂದು ಬರೆದಿದ್ದೀಯೆ. ಅದಕ್ಕೆ ಬಣ್ಣ ಬಳಿಯಬೇಡ. ಆ ಯಂತ್ರದ ಮುಂದೆ ವರ್ಷಗಟ್ಟಲೆ ಕುಳಿತವರ ಬೆರಳಿನ ಗುರುತು ಅದು. ಹೊಸದರಂತೆ ಕಾಣಿಸಬೇಕೆಂಬ ಹಟಕ್ಕಿಂತ, ಅಳಿಸಲಾಗದಂಥ ತಪ್ಪನ್ನು ಮಾಡದಿರುವ ಎಚ್ಚರವೇ ನಮ್ಮ ಹವ್ಯಾಸದಲ್ಲಿ ದೊಡ್ಡದೆಂದು ನಾನು ನಂಬಿದ್ದೇನೆ.

ಕ್ಯಾರೇಜ್ ತಾನಾಗಿ ಎಡಕ್ಕೆ ಸರಿಯದಿದ್ದರೆ, ಅದನ್ನು ಎಳೆಯುವ ಪಟ್ಟಿ ಕಡಿದಿರಬಹುದು. ಆ ಪಟ್ಟಿಯನ್ನು ಎಳೆದು ಹಿಡಿಯುವ ಸ್ಪ್ರಿಂಗ್ ಡಬ್ಬಿಯನ್ನು ಬಿಚ್ಚುವುದಾದರೆ ಎಷ್ಟು ಸುತ್ತು ಸಡಿಲವಾಯಿತೆಂದು ಎಣಿಸಿ ಬರೆದಿಟ್ಟುಕೋ.

ಹಳೆಯ ರಿಬ್ಬನ್ ಸುರುಳಿಗಳನ್ನು ಎಸೆಯಬೇಡ, ಬೇರೆಯವು ಆ ಯಂತ್ರಕ್ಕೆ ಕೂರದೇ ಹೋಗಬಹುದು. ಹೊಸ ರಿಬ್ಬನನ್ನು ಅವಕ್ಕೇ ಸುತ್ತಿ, ಮೊದಲು ಟೈಪ್ ಮಾಡಿದ ಹಾಳೆಯನ್ನು ತಪ್ಪುಗಳ ಸಮೇತ ನನಗೆ ಕಳುಹಿಸು. ಯಾವ ಅಕ್ಷರ ಸಾಲು ಬಿಟ್ಟು ಓರೆಯಾಗಿದೆಯೋ ನೋಡಿ, ಯಾವ ಕಡ್ಡಿ ಬಾಗಿದೆಯೆಂದು ತಿಳಿಸುತ್ತೇನೆ.

ಇಂತಿ,
ನಿನ್ನ ಅಮ್ಮ