ಪರದೆಯಲ್ಲ, ಲಾಗ್ ಕಡತ ನೋಡಿ

ಮಾನ್ಯ ಸಂಪಾದಕರೇ,

ಹಲವು ಫ್ರೀಕ್ವೆನ್ಸಿಗಳನ್ನು ಒಂದಾದ ಮೇಲೊಂದರಂತೆ ಹುಡುಕಿ ಕೇಳಿಸುವ ರೇಡಿಯೊ ಸ್ಕ್ಯಾನರನ್ನು ಕಂಪ್ಯೂಟರಿಗೆ ಜೋಡಿಸುವ ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಪರದೆ ಮೇಲೆ ಅಂಕಿಗಳು ಓಡಿದರೆ ಸಾಕು ಎಂಬ ಭಾವನೆ ಇದೆ. ಯಾವ ಫ್ರೀಕ್ವೆನ್ಸಿ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಕೊನೆ ಎಂಬುದು ಲಾಗ್ ಕಡತದಲ್ಲಿ, ಅಂದರೆ ದಾಖಲೆಯಲ್ಲಿ, ಸರಿಯಾಗಿ ಇಲ್ಲದಿದ್ದರೆ ಆ ಶ್ರಮವೆಲ್ಲ ನೀರಿನಲ್ಲಿ ಹೋಮ.

ಯೂನಿಡೆನ್ ಕಂಪನಿಯ ಸ್ಕ್ಯಾನರ್ ಬಿಸಿಡಿ996ಎಕ್ಸ್‌ಟಿಯನ್ನೇ ತೆಗೆದುಕೊಳ್ಳಿ. ಸೀರಿಯಲ್ ಸಂಪರ್ಕದ ವೇಗವನ್ನು ಸ್ಕ್ಯಾನರ್, ಕಂಪ್ಯೂಟರ್ ಎರಡೂ ಕಡೆ 115200 ಬಾಡ್‌ಗೆ ಇಡಬೇಕು. 'ಜಿಎಲ್‌ಜಿ' (GLG) ಎಂಬ ಮೂರಕ್ಷರದ ಆದೇಶ ಕಳಿಸಿ, ಕೊನೆಗೆ ಕ್ಯಾರಿಯೇಜ್ ರಿಟರ್ನ್ (ಸಾಲು ಮುಗಿಸುವ ಅಕ್ಷರ) ಒಂದನ್ನೇ ಸೇರಿಸಿದರೆ ಸ್ಕ್ಯಾನರಿನಿಂದ ಉತ್ತರ ಬರುತ್ತದೆ. ಅದರಲ್ಲಿ 01458000 ಎಂದಿದ್ದರೆ 145.8000 ಮೆಗಾಹರ್ಟ್ಸ್ ಎಂದರ್ಥ. ಸಂಕೇತವಿಲ್ಲದಾಗ ಸದ್ದನ್ನು ತಡೆಯುವ ಸ್ಕ್ವೆಲ್ಚ್ ಮುಚ್ಚಿದ್ದಾಗ ಆ ಜಾಗ ಖಾಲಿ. ಸೆಕೆಂಡಿಗೆ ಐದು ಸಲ ಕೇಳಿದರೆ ಧಾರಾಳವಾಯಿತು. 70 ಅಕ್ಷರಗಳ ಉತ್ತರಕ್ಕೆ ಈ ವೇಗದಲ್ಲಿ 6 ಮಿಲಿಸೆಕೆಂಡು, 9600ರಲ್ಲಾದರೆ 73. ಸ್ಕ್ಯಾನರಿಗೆ ಚಾನೆಲ್ (ಕೇಳಬೇಕಾದ ಫ್ರೀಕ್ವೆನ್ಸಿ) ತುಂಬಲು 'ಪಿಆರ್‌ಜಿ' (PRG) ಕಳಿಸಿ, ಮುಗಿದ ಮೇಲೆ 'ಇಪಿಜಿ' (EPG) ಕಳಿಸಲು ಮರೆತರೆ ಸ್ಕ್ಯಾನಿಂಗ್ ನಿಂತೇ ಇರುತ್ತದೆ. ಆಗ ಲಾಗ್ ಖಾಲಿ ಬಂತೆಂದು ಆಂಟೆನಾ ಬಿಚ್ಚಿ ಪ್ರಯೋಜನವಿಲ್ಲ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರಿಪೀಟರ್ (ಬಂದ ಸಂಕೇತವನ್ನು ಮರುಪ್ರಸಾರ ಮಾಡುವ ಉಪಕರಣ) ಒಳ್ಳೆಯ ಪರೀಕ್ಷೆ. ಅದರ ಪ್ರಸಾರ 437.800 ಮೆಗಾಹರ್ಟ್ಸ್. ನಿಲ್ದಾಣ ಹತ್ತಿರ ಬರುವಾಗ ಡಾಪ್ಲರ್ ಪರಿಣಾಮದಿಂದ (ಚಲನೆಯಿಂದ ಫ್ರೀಕ್ವೆನ್ಸಿ ಬದಲಾದಂತೆ ಕಾಣುವುದು) ಸುಮಾರು 10 ಕಿಲೋಹರ್ಟ್ಸ್ ಮೇಲಕ್ಕೆ, ದೂರ ಹೋಗುವಾಗ ಅಷ್ಟೇ ಕೆಳಕ್ಕೆ ಸರಿಯುತ್ತದೆ. 437.790ರಿಂದ 437.810ರವರೆಗೆ 5 ಕಿಲೋಹರ್ಟ್ಸ್ ಅಂತರದಲ್ಲಿ ಐದು ಚಾನೆಲ್ ತುಂಬಿ, ಸ್ಕ್ಯಾನರಿನ ಸ್ಟೆಪ್ಪನ್ನೂ (ಫ್ರೀಕ್ವೆನ್ಸಿ ಜಿಗಿತ) 5ಕ್ಕೆ ಇಡಿ. ನಿಲ್ದಾಣ ಹಾದುಹೋಗುವ ಹತ್ತು ನಿಮಿಷದಲ್ಲಿ ಲಾಗ್‌ನ ಸಾಲುಗಳು 437.810ರಿಂದ 437.790ಕ್ಕೆ ಮೆಟ್ಟಿಲಿಳಿದಂತೆ ಇಳಿಯಬೇಕು. ಪಕ್ಕದ ಚಾನೆಲ್‌ನಲ್ಲೂ ಅದೇ ಮಾತು ಸ್ಕ್ವೆಲ್ಚ್ ತೆರೆಯುವುದರಿಂದ ಮೆಟ್ಟಿಲು ಅಲ್ಲಲ್ಲಿ ಒಂದರ ಮೇಲೊಂದು ಬೀಳುತ್ತದೆ, ಅದು ತಪ್ಪಲ್ಲ. ಇಳಿಯುವ ಬದಲು ಏರಿದರೆ ಮಾತ್ರ ಪ್ರೋಗ್ರಾಮಿನಲ್ಲೇ ದೋಷವಿದೆ.

ಕಂಪ್ಯೂಟರಿನ ಗಡಿಯಾರವನ್ನು ಎನ್‌ಟಿಪಿ (ಇಂಟರ್ನೆಟ್ಟಿನಿಂದ ಸಮಯ ಹೊಂದಿಸುವ ವ್ಯವಸ್ಥೆ) ಮೂಲಕ ಸರಿಪಡಿಸದಿದ್ದರೆ ಲಾಗಿನ ಹೊತ್ತನ್ನು ನಿಲ್ದಾಣ ಹಾದುಹೋದ ಹೊತ್ತಿಗೆ ಹೋಲಿಸುವುದೇ ಕೆಡುತ್ತದೆ. ಯುಟಿಸಿಯೋ (ವಿಶ್ವ ಸಮಯ) ಭಾರತೀಯ ಕಾಲಮಾನವೋ, ಒಂದನ್ನೇ ಹಿಡಿದುಕೊಳ್ಳಿ, ಕಡತದ ತಲೆಯಲ್ಲೇ ಅದನ್ನು ಬರೆದಿಡಿ. ಎರಡರ ನಡುವೆ ಐದೂವರೆ ತಾಸಿನ ವ್ಯತ್ಯಾಸವಿದೆ. ಪ್ರತಿ ಉತ್ತರಕ್ಕೂ ಒಂದು ಸಾಲು ಬರೆಯಬೇಡಿ. ಸ್ಕ್ವೆಲ್ಚ್ ತೆರೆದಾಗ ಒಂದು, ಮುಚ್ಚಿದಾಗ ಒಂದು ಸಾಕು. ಎರಡು ಸೆಕೆಂಡಿನೊಳಗೆ ಅದೇ ಚಾನೆಲ್ ಮತ್ತೆ ತೆರೆದರೆ ಹಳೆಯದರ ಮುಂದುವರಿಕೆಯೆಂದೇ ಎಣಿಸಿ.

ರಾತ್ರಿಯಿಡೀ ಒಂದೇ ಫ್ರೀಕ್ವೆನ್ಸಿ ತೆರೆದುಕೊಂಡಿದ್ದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರನ್ನು ಶಂಕಿಸಿ. ಪ್ಲಗ್ ಕಿತ್ತು, ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಚಾರ್ಜರಿನ ಕೇಬಲ್ಲಿಗೂ ಯುಎಸ್‌ಬಿ ಕೇಬಲ್ಲಿಗೂ ಫೆರೈಟ್ (ವಿದ್ಯುತ್ ಗದ್ದಲ ತಡೆಯುವ ಕಾಂತೀಯ ಬಳೆ) ಹಾಕಿ, ಆಂಟೆನಾವನ್ನು ಹೊರಗಡೆ ಎತ್ತರಕ್ಕೆ ಒಯ್ಯಿರಿ. ಸ್ಕ್ವೆಲ್ಚ್ ಬಿಗಿ ಮಾಡಿ ಇದನ್ನು ಮುಚ್ಚಿಹಾಕಿದರೆ ನಿಜವಾದ ದುರ್ಬಲ ಸಂಕೇತವೂ ಹೋಗುತ್ತದೆ. ಧ್ವನಿಯನ್ನೂ ಮುದ್ರಿಸುವವರಿಗೆ ಗುಂಯ್ ಎಂಬ ಸದ್ದು ಕೇಳಿದರೆ 600 ಓಮ್‌ನ 1:1 ಆಡಿಯೊ ಟ್ರಾನ್ಸ್‌ಫಾರ್ಮರ್ ಸ್ಕ್ಯಾನರ್ ಮತ್ತು ಕಂಪ್ಯೂಟರಿನ ನಡುವೆ ಇಡಬೇಕು.

ಉಪಕರಣ ಇಟ್ಟುಕೊಳ್ಳುವ ಪರವಾನಗಿ ನಿಯಮಗಳನ್ನು ಮೊದಲೇ ತಿಳಿದುಕೊಂಡು, ಹವ್ಯಾಸಿ ಬ್ಯಾಂಡಿನಲ್ಲೇ ಪ್ರಯೋಗ ಮಾಡಿ. ಪೊಲೀಸರ ವೈರ್‌ಲೆಸ್ ಸಂಭಾಷಣೆಯನ್ನು ಕದ್ದು ಕೇಳುವ ಪ್ರಾಜೆಕ್ಟನ್ನು ಯಾವ ಅಧ್ಯಾಪಕರೂ ಒಪ್ಪಬಾರದು. ಒಪ್ಪಿದ ಪ್ರಾಜೆಕ್ಟಿಗೆ ಅಂಕ ಕೊಡುವ ಮೊದಲು ತಿದ್ದದ ಮೂಲ ಕಡತ ತರಿಸಿ, ನಿಲ್ದಾಣ ಹಾದುಹೋದ ಒಂದು ರಾತ್ರಿಯ ಸಾಲುಗಳನ್ನು ಓದಿಸಿ ನೋಡಲಿ.

– ಹವ್ಯಾಸಿ ರೇಡಿಯೊ ಕೇಳುಗರು, ಮೈಸೂರು