ಪರೀಕ್ಷೆಯ ಸಂದೇಶ ರೈತರ ಮೊಬೈಲಿಗೆ ಬರಬಾರದು

ಮಾನ್ಯ ಸಂಪಾದಕರೇ,

ಈ ಸಲದ ಹೆಸರಿನ ಸುಗ್ಗಿಯಲ್ಲಿ ನನ್ನ ಸೋದರಮಾವ ನರಗುಂದದ ಕಡೆಯಿಂದ 18 ಚೀಲ ಹೆಸರುಕಾಳನ್ನು ಟಂಟಂನಲ್ಲಿ ಹೇರಿಕೊಂಡು ಖಾಸಗಿ ಖರೀದಿ ಕೇಂದ್ರವೊಂದಕ್ಕೆ ಹೋಗಿದ್ದರು. ಮಾಪಕವು ತೇವಾಂಶ ಶೇ 11.2 ಎಂದು ತೋರಿಸಿತು, ಹಾಗೆಂದು ಬರೆದ ಚೀಟಿಯೂ ಕೈಗೆ ಬಂತು. ತೂಕದ ಸರದಿಯಲ್ಲಿ ನಿಂತಿದ್ದಾಗ ‘ತೇವಾಂಶ ಶೇ 14.5, ಲಾಟ್ ತಿರಸ್ಕೃತ’ ಎಂಬ ಸಂದೇಶ ಮೊಬೈಲಿಗೆ ಒಂದರ ಹಿಂದೊಂದು ಎರಡು ಸಲ ಬಂತು. ಚೀಟಿ ತೋರಿಸಿದರೆ, ‘ಕಂಪ್ಯೂಟರ್ ಹಂಗ ಹೇಳಾಕತ್ತೈತಿ, ನಾವೇನ್ ಮಾಡೋಣ್ರೀ’ ಎಂದು ಅಲ್ಲಿಯ ಹುಡುಗ ಕೈಚೆಲ್ಲಿದ. ಮೋಡ ಕವಿದಿದ್ದರಿಂದ ಮಾವನವರು ಸಂಜೆಯೊಳಗೆ ಸಿಕ್ಕ ಬೆಲೆಗೆ ಕಾಳು ಕೊಟ್ಟು ಊರಿಗೆ ಮರಳಿದರು.

ಹುಬ್ಬಳ್ಳಿಯಲ್ಲಿ ತಂತ್ರಾಂಶ ಪರೀಕ್ಷಿಸುವುದೇ ನನ್ನ ಉದ್ಯೋಗವಾದ್ದರಿಂದ ಕೇಳಿ ವಿಚಾರಿಸಿದೆ. ಆ ದಿನ ಒಬ್ಬರು ನಿಯಮವೊಂದನ್ನು ಪರೀಕ್ಷಿಸಲು ಬೆಳಗಿನ ದಾಖಲೆಯನ್ನೇ ನಕಲು ಮಾಡಿ, ತೇವಾಂಶದ ಅಂಕಿಯನ್ನಷ್ಟೇ ತಿದ್ದಿ, ವೆಬ್‌ಸಾಕೆಟ್ ಎಂಬ ಸಂಪರ್ಕದ ಮೂಲಕ ಚಾಲ್ತಿಯಲ್ಲಿದ್ದ ಪಾಲಿಸಿ ಎಂಜಿನ್ನಿಗೆ, ಅಂದರೆ ನಿಯಮಗಳನ್ನು ನೋಡಿ ತೀರ್ಪು ಕೊಡುವ ತಂತ್ರಾಂಶಕ್ಕೆ, ಕಳಿಸಿದ್ದರು. ಲಾಟ್ ಸಂಖ್ಯೆ, ಮೊಬೈಲ್ ಸಂಖ್ಯೆ ಎರಡೂ ಮಾವನವರದ್ದೇ ಉಳಿದಿದ್ದವು. ಎಂಜಿನ್ನಿನ ತಪ್ಪೇನೂ ಇಲ್ಲ. ಬೆಂಬಲ ಬೆಲೆಯ ಖರೀದಿಯಲ್ಲೂ ಹೆಸರುಕಾಳಿಗೆ ತೇವಾಂಶದ ಮಿತಿ ಶೇ 12, ಅದು ತನಗೆ ಕೊಟ್ಟ ಅಂಕಿಯನ್ನು ನೋಡಿ ಸರಿಯಾದ ತೀರ್ಪನ್ನೇ ಕೊಟ್ಟಿತು.

ಸಂದೇಶ ಎರಡು ಸಲ ಬಂದದ್ದೇಕೆ ಎಂಬುದು ಇನ್ನೂ ಮುಖ್ಯ. 2011ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 6455 ಎಂಬ ಅಂತರ್ಜಾಲ ಮಾನದಂಡವಾಗಿ ಪ್ರಕಟವಾದ ವೆಬ್‌ಸಾಕೆಟ್ ಪದ್ಧತಿಯಲ್ಲಿ ಒಮ್ಮೆ ತೆರೆದ ಸಂಪರ್ಕ ತೆರೆದೇ ಇರುತ್ತದೆ, ಎರಡೂ ಕಡೆಯವರು ಬೇಕಾದಾಗ ಮಾತಾಡಬಹುದು. ಆದರೆ ವೆಬ್ ಪುಟ ತೆರೆಯುವಾಗ ಬಳಸುವ ಸಾಮಾನ್ಯ ಎಚ್‌ಟಿಟಿಪಿಯಲ್ಲಿರುವಂತೆ ಪ್ರತಿ ಕೋರಿಕೆಗೂ ಅದರದೇ ಉತ್ತರ ಇದರಲ್ಲಿ ತಾನಾಗಿ ಬರುವುದಿಲ್ಲ. ‘ಇದ್ದೀಯಾ’ ಎಂದು ಕೇಳುವ ಪಿಂಗ್‌ಗೆ ‘ಇದ್ದೇನೆ’ ಎನ್ನುವ ಪಾಂಗ್ ಬಂದರೆ ಆಚೆ ಕಡೆ ಜೀವವಿದೆ ಎಂದಷ್ಟೇ ತಿಳಿಯುತ್ತದೆ. ಕಳಿಸಿದ ಘಟನೆಯನ್ನು, ಅಂದರೆ ತೇವಾಂಶದ ಆ ದಾಖಲೆಯನ್ನು, ಎಂಜಿನ್ ಓದಿತೇ ಎಂಬುದು ತಿಳಿಯುವುದಿಲ್ಲ. ಸಂಪರ್ಕ ನಡುವೆ ಕಡಿದಾಗ ಕಳಿಸಿದವರು, ಮುಟ್ಟಿಲ್ಲವೆಂದುಕೊಂಡು, ಅದನ್ನೇ ಮತ್ತೆ ಕಳಿಸಿದ್ದಾರೆ. ಪ್ರತಿ ಘಟನೆಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯೊಡನೆ ಉತ್ತರ ಬರುವಂತೆ ಮಾಡಿ, ಒಮ್ಮೆ ಕಂಡ ಸಂಖ್ಯೆ ಮತ್ತೆ ಬಂದರೆ ಸುಮ್ಮನಿರುವಂತೆ ಬರೆದಿದ್ದರೆ ಇದು ತಪ್ಪುತ್ತಿತ್ತು.

ನಿಯಮವನ್ನಷ್ಟೇ ಪರೀಕ್ಷಿಸಲು ಚಾಲ್ತಿಯ ಸಂಪರ್ಕವನ್ನು ಮುಟ್ಟುವ ಅಗತ್ಯವೇ ಇಲ್ಲ. ಉದಾಹರಣೆಗೆ, ಯಾರು ಬೇಕಾದರೂ ಬಳಸಬಹುದಾದ ಓಪನ್ ಪಾಲಿಸಿ ಏಜೆಂಟ್ ಎಂಬ ಪಾಲಿಸಿ ಎಂಜಿನ್ನಿನಲ್ಲಿ ನಿಯಮಗಳನ್ನು ಅದರ ರೆಗೊ ಭಾಷೆಯಲ್ಲಿ ಬರೆದು, ಅವುಗಳ ಪರೀಕ್ಷೆಯನ್ನೂ ಪಕ್ಕದಲ್ಲೇ ಬರೆದು, ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ನಡೆಸಬಹುದು. ಮಾಪಕದಿಂದ ತೀರ್ಪಿನವರೆಗಿನ ಇಡೀ ದಾರಿಯನ್ನು ನೋಡಬೇಕಾದಾಗ ಮಾತ್ರ ಚಾಲ್ತಿಯ ಎಂಜಿನ್ನಿಗೆ ಕಳಿಸುವುದು ಅನಿವಾರ್ಯ ಎಂದು ನಾನೂ ಒಪ್ಪುತ್ತೇನೆ. ಆಗಲೂ ‘ಇದು ಪರೀಕ್ಷೆ’ ಎಂಬ ಗುರುತನ್ನು ಘಟನೆಯೊಳಗೆ ಬರೆಯುವ ಕೆಲಸವನ್ನು ಕಳಿಸುವವರ ನೆನಪಿಗೆ ಬಿಡಬಾರದು. ಅವಸರದಲ್ಲಿ ನಾನೇ ಎಷ್ಟೋ ಸಲ ಮರೆತಿದ್ದೇನೆ. ಪರೀಕ್ಷಕರಿಗೆ ಬೇರೆ ಟೋಕನ್ (ಸಂಪರ್ಕಿಸುವವರು ಯಾರೆಂದು ಸರ್ವರ್‌ಗೆ ತಿಳಿಸುವ ಗುರುತು) ಕೊಟ್ಟು, ಆ ಸಂಪರ್ಕದಿಂದ ಬಂದ ಯಾವುದಕ್ಕೂ ತೀರ್ಪು ಮಾತ್ರ ಕಳಿಸಿದವರಿಗೆ ಮರಳಬೇಕು, ಎಸ್ಸೆಮ್ಮೆಸ್ ಹೊರಡಬಾರದು ಎಂದು ಸರ್ವರ್‌ನಲ್ಲೇ ಕಟ್ಟುಮಾಡಬೇಕು.

2023ರ ಅಕ್ಟೋಬರ್ 12ರಂದು ದೂರಸಂಪರ್ಕ ಇಲಾಖೆಯು ರಾಜ್ಯದ ಮೊಬೈಲುಗಳಿಗೆ ತುರ್ತು ಎಚ್ಚರಿಕೆಯ ಪ್ರಯೋಗ ನಡೆಸಿದಾಗ ಇದು ಮಾದರಿ ಸಂದೇಶ ಎಂದು ಸಂದೇಶದಲ್ಲೇ ಬರೆದಿತ್ತು. ಮಾವನವರಿಗೆ ಬಂದ ಸಂದೇಶದಲ್ಲಿ ಅಂಥದ್ದೊಂದು ಪದವೂ ಇರಲಿಲ್ಲ.

ಹಿಂಗಾರಿನ ಕಡಲೆ ಬರುವ ಮೊದಲೇ ಖರೀದಿ ಕೇಂದ್ರಗಳನ್ನು ನಡೆಸುವವರು ಇದನ್ನು ಸರಿಪಡಿಸಿಕೊಳ್ಳಲಿ. ಜೊತೆಗೆ ತಿರಸ್ಕಾರದ ಪ್ರತಿ ಸಂದೇಶದಲ್ಲೂ ಮಾಪಕದ ಸಂಖ್ಯೆ ಮತ್ತು ಅಳೆದ ಸಮಯ ಇದ್ದರೆ ರೈತರು ಅದನ್ನು ತಮ್ಮ ಕೈಯಲ್ಲಿರುವ ಚೀಟಿಯೊಡನೆ ತಾಳೆ ನೋಡಿ, ಅಲ್ಲೇ ನಿಂತು ಪ್ರಶ್ನಿಸಬಹುದು.

— ಒಬ್ಬ ತಂತ್ರಾಂಶ ಪರೀಕ್ಷಕ, ಬೆಟಗೇರಿ, ಗದಗ