ಕೋಚ್ ಆಗಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮಕ್ಕಳ ಫುಟ್‌ಬಾಲ್ ತಂಡಕ್ಕೆ ನೀನೇ ಕೋಚ್ ಅಂತ ತಿಳಿದು ತುಂಬಾ ಖುಷಿಯಾಯಿತು. ಆದರೆ ಒಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ: ಆಡುತ್ತಿರುವಾಗಲೇ ಹೃದಯ ಇದ್ದಕ್ಕಿದ್ದಂತೆ ನಿಂತುಬಿಡುವುದು.

ಓಡುತ್ತಿದ್ದ ಹುಡುಗ ಯಾರೂ ತಾಗದೆ ದಿಢೀರನೆ ಬಿದ್ದ ಅಂದುಕೋ. ಕರೆದರೆ ಓಗೊಡುತ್ತಿಲ್ಲ. ಕಣ್ಣು ತೆರೆದೇ ಇರಬಹುದು, ಕೈಕಾಲು ಅದುರಬಹುದು. ಆಗೊಮ್ಮೆ ಈಗೊಮ್ಮೆ ಗೊರಕೆ ಹೊಡೆದ ಹಾಗೆ ಉಸಿರು ಎಳೆಯಬಹುದು. ನೋಡಿದವರು ಫಿಟ್ಸ್ ಅನ್ನುತ್ತಾರೆ, ಬಿಸಿಲಿಗೆ ತಲೆ ಸುತ್ತಿದೆ ಅನ್ನುತ್ತಾರೆ, ನೀರು ಚಿಮುಕಿಸುತ್ತಾರೆ. ಅಷ್ಟರಲ್ಲಿ ಎರಡು ನಿಮಿಷ ಹೋಗಿರುತ್ತದೆ. ಆ ಗೊರಕೆಯನ್ನು ಉಸಿರಾಟ ಅಂದುಕೊಳ್ಳಬೇಡ. ಇಂಥ ಹೊತ್ತಲ್ಲಿ ಹೃದಯ ಲಯ ತಪ್ಪಿ ಸುಮ್ನೆ ನಡುಗುತ್ತಿರುತ್ತದೆ, ರಕ್ತ ಮಿದುಳಿಗೆ ಹೋಗುವುದೇ ಇಲ್ಲ.

ಕೂಡಲೇ ಎದೆ ಒತ್ತಲು ಶುರು ಮಾಡು. ಎದೆಯ ನಟ್ಟನಡುವೆ ಅಂಗೈ ಬುಡ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂ.ಮೀ. ಆಳಕ್ಕೆ. ಒಬ್ಬರು ಆಂಬ್ಯುಲೆನ್ಸ್‌ಗೆ ಫೋನ್ ಮಾಡಲಿ, ಇನ್ನೊಬ್ಬರು ಶಾಕ್ ಕೊಡುವ ಎಇಡಿ ಯಂತ್ರ ತರಲು ಓಡಲಿ. ಪಕ್ಕೆಲುಬು ಮುರಿದೀತು ಅಂತ ಹಿಂಜರಿಯಬೇಡ, ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಎಇಡಿ ಬಗ್ಗೆಯೂ ಭಯ ಬೇಡ. ಆನ್ ಮಾಡಿದರೆ ಮುಂದೇನು ಅಂತ ಅದೇ ಮಾತಾಡಿ ಹೇಳುತ್ತದೆ. ಶಾಕ್ ಬೇಕಿಲ್ಲದವರಿಗೆ ಕೊಡುವುದಿಲ್ಲ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಪಂದ್ಯದ ನಡುವೆ ಡೆನ್ಮಾರ್ಕ್ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಕುಸಿದು ಬಿದ್ದದ್ದು ನೆನಪಿದೆ ಅಲ್ವಾ? ಮೈದಾನದಲ್ಲೇ ಎದೆ ಒತ್ತಿದರು, ಶಾಕ್ ಕೊಟ್ಟರು. ಮರುವರ್ಷವೇ ಆತ ಮತ್ತೆ ಆಟಕ್ಕಿಳಿದ. ಅಲ್ಲಿ ಡಾಕ್ಟರುಗಳಿದ್ದರು. ನಿನ್ನ ಮೈದಾನದಲ್ಲಿ ಇರುವವನು ನೀನು.

ಇನ್ನೊಂದು ಮಾತು. ಓಡುವಾಗಲೇ ತಲೆ ತಿರುಗಿ ಬೀಳುವ, ಎದೆ ನೋವು ಅನ್ನುವ ಹುಡುಗನನ್ನು ಸೋಮಾರಿ ಅಂತ ಗದರಬೇಡ. ಆಟ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ ಅಂತ ತಂದೆತಾಯಿಯನ್ನು ಕೇಳು. ಕೇಳುವುದಕ್ಕೆ ಮುಜುಗರವಾಗುತ್ತದೆ, ಆದರೂ ಕೇಳು. ಹೃದಯದ ಮಾಂಸಖಂಡ ದಪ್ಪವಾಗುವ ಕಾಯಿಲೆ ವಂಶದಲ್ಲೇ ಹರಿದು ಬರುತ್ತದೆ. ಜ್ವರದಿಂದ ಎದ್ದ ಮಗುವನ್ನು ಮರುದಿನವೇ ಓಡಿಸಬೇಡ, ಕೆಲವು ವೈರಸ್‌ಗಳಿಂದ ಹೃದಯಕ್ಕೇ ಉರಿಯೂತ ಬರುವುದುಂಟು.

ಇಟಲಿಯಲ್ಲಿ 1982ರಿಂದಲೂ ಸ್ಪರ್ಧೆಗಿಳಿಯುವ ಆಟಗಾರರಿಗೆ ಇಸಿಜಿ ಕಡ್ಡಾಯ. ಒಳ್ಳೆಯದೇ. ಆದರೆ ಎಲ್ಲ ದೋಷವೂ ಇಸಿಜಿಯಲ್ಲಿ ಕಾಣುವುದಿಲ್ಲ. ಚೆಂಡು ಕೆಟ್ಟ ಗಳಿಗೆಯಲ್ಲಿ ಎದೆಗೆ ಬಡಿದರೆ ಗಟ್ಟಿಮುಟ್ಟಾದ ಹೃದಯವೂ ನಿಲ್ಲಬಹುದು. ಅದಕ್ಕೇ ನನಗೆ ಪರೀಕ್ಷೆಗಿಂತ ತಯಾರಿಯೇ ಜಾಸ್ತಿ ಮುಖ್ಯ ಅನ್ನಿಸುತ್ತದೆ.

ನಿಮ್ಮ ಮೈದಾನದ ಎಇಡಿ ಯಾವ ಕೋಣೆಯಲ್ಲಿದೆ, ರಜೆಯ ದಿನ ಆ ಕೋಣೆಯ ಬೀಗದಕೈ ಯಾರ ಹತ್ತಿರ ಇರುತ್ತದೆ? ಮುಂದಿನ ಮ್ಯಾಚ್‌ಗೆ ಮೊದಲೇ ವಿಚಾರಿಸಿ ನನಗೆ ತಿಳಿಸು.

ನಿನ್ನ ಗೆಳೆಯ